ಬೇಡದ ಕರೆಯ ಖರ್ಚು ಯಾರ ಲೆಕ್ಕಕ್ಕೆ?

2008ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಮತ್ತು ಬರ್ಕ್‌ಲಿ ಕ್ಯಾಂಪಸ್ಸುಗಳ ಸಂಶೋಧಕರು ಒಂದು ಅಪರೂಪದ ಲೆಕ್ಕ ಹಾಕಿದರು. ಆ ದಿನಗಳಲ್ಲಿ ‘ಸ್ಟಾರ್ಮ್’ ಎಂಬ ಜಾಲವೊಂದು ಜಗತ್ತಿನ ಇಮೇಲ್ ಪೆಟ್ಟಿಗೆಗಳಿಗೆ ಕಸ ಸುರಿಯುತ್ತಿತ್ತು. ಯಾರದೋ ಮನೆ, ಯಾರದೋ ಕಚೇರಿಯ ಕಂಪ್ಯೂಟರಿಗೆ ಮಾಲೀಕರಿಗೂ ತಿಳಿಯದಂತೆ ವೈರಸ್ ಹೊಗಿಸಿ, ಅವುಗಳಿಂದಲೇ ಜಾಹೀರಾತು ಪತ್ರ ಕಳಿಸುವುದು ಅದರ ಕಸುಬು. ಸಂಶೋಧಕರು ಆ ಜಾಲದೊಳಗೆ ನುಸುಳಿ, ಔಷಧ ಮಾರುವ ಒಂದು ಜಾಹೀರಾತಿನ ಬೆನ್ನು ಹತ್ತಿದರು. 26 ದಿನಗಳಲ್ಲಿ ಸುಮಾರು 35 ಕೋಟಿ ಪತ್ರಗಳು ಹೋದವು. ಕೊಳ್ಳಲು ಮುಂದೆ ಬಂದವರು 28 ಜನ. ಅವರ ದುಡ್ಡು ಹೋಗದಂತೆ, ಕಾರ್ಡಿನ ವಿವರ ತುಂಬುವ ಮೊದಲೇ ಪುಟ ನಿಲ್ಲುವ ಹಾಗೆ ಸಂಶೋಧಕರು ಏರ್ಪಾಡು ಮಾಡಿದ್ದರು. ಆ 28 ವ್ಯಾಪಾರ ನಡೆದಿದ್ದರೆ ಕೈಗೆ ಬರುತ್ತಿದ್ದುದು 2,700 ಡಾಲರ್ ಚಿಲ್ಲರೆ.

ಒಂದು ಗಿರಾಕಿಗೆ ಒಂದೂಕಾಲು ಕೋಟಿ ಪತ್ರ. ಬೇರೆ ಯಾವ ವ್ಯಾಪಾರವಾದರೂ ಈ ಲೆಕ್ಕದಲ್ಲಿ ವಾರದೊಳಗೆ ಬಾಗಿಲು ಹಾಕಬೇಕಿತ್ತು. ಆದರೆ ಸಂಶೋಧಕರು ನೋಡಿದ್ದು ಆ ಜಾಲದ ನೂರರಲ್ಲಿ ಒಂದೂವರೆ ಪಾಲನ್ನು ಮಾತ್ರ. ಇಡೀ ಜಾಲಕ್ಕೆ ಹಿಗ್ಗಿಸಿ ಲೆಕ್ಕ ಹಾಕಿದಾಗ ವರ್ಷಕ್ಕೆ ಸುಮಾರು 35 ಲಕ್ಷ ಡಾಲರ್ ವಹಿವಾಟು ಎಂಬ ಅಂದಾಜು ಬಂತು. ಕಳಿಸುವವನಿಗೆ ಪತ್ರವೊಂದಕ್ಕೆ ಬೀಳುವ ಖರ್ಚು ಸೊನ್ನೆಯ ಹತ್ತಿರ ಇರುವಾಗ, ಕೋಟಿಗೊಬ್ಬ ಸಿಕ್ಕರೂ ಲಾಭವೇ.

ಹಾಗಾದರೆ ಖರ್ಚು ಎಲ್ಲಿಗೆ ಹೋಯಿತು? ಅದು ಕೊಳ್ಳದೇ ಇರುವವರ ಪಾಲಿಗೆ ಬಂತು. ಆ ಒಂದೂಕಾಲು ಕೋಟಿ ಪತ್ರಗಳಲ್ಲಿ ಹತ್ತರಲ್ಲಿ ಒಂದು ಮಾತ್ರ ಜನರ ಕಣ್ಣಿಗೆ ಬಿತ್ತು, ಪ್ರತಿಯೊಬ್ಬರೂ ಅದನ್ನು ನೋಡಿ ಅಳಿಸಲು ಒಂದೇ ಒಂದು ಸೆಕೆಂಡ್ ಕಳೆದರು ಎಂದಿಟ್ಟುಕೊಳ್ಳಿ. ಒಟ್ಟು ಮಾಡಿದರೆ ಹಗಲು ರಾತ್ರಿ ಸೇರಿ ಹದಿನಾಲ್ಕು ದಿನ. ಒಬ್ಬ ಗಿರಾಕಿಯನ್ನು ಹುಡುಕಲು ಒಬ್ಬ ವ್ಯಾಪಾರಿ ಅಪರಿಚಿತರ ಹದಿನಾಲ್ಕು ದಿನಗಳನ್ನು ಕೇಳದೆಯೇ ಎತ್ತಿಕೊಂಡು ಹೋದ. ಇದನ್ನು ನಾನು ಕಿರಿಕಿರಿ ಎಂದು ಕರೆಯಲಾರೆ. ಇದು ಕಳವು. ಒಬ್ಬೊಬ್ಬರಿಂದ ಕದ್ದದ್ದು ತೀರ ಸಣ್ಣದಾದ್ದರಿಂದ ಯಾರೂ ದೂರು ಕೊಡುವುದಿಲ್ಲ, ಅಷ್ಟೆ.

ಈ ಕಳವಿಗೆ ದಾರಿ ತೆರೆದದ್ದು 1978ರ ಮೇ 3. ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಎಂಬ ಕಂಪ್ಯೂಟರ್ ಕಂಪನಿಯ ಮಾರ್ಕೆಟಿಂಗ್ ವಿಭಾಗದಲ್ಲಿದ್ದ ಗ್ಯಾರಿ ಥರ್ಕ್, ಇಂಟರ್ನೆಟ್ಟಿನ ಪೂರ್ವಜವಾದ ಅರ್ಪಾನೆಟ್‌ನಲ್ಲಿದ್ದ ಸುಮಾರು ನಾನೂರು ಜನರಿಗೆ ಒಂದೇ ಏಟಿಗೆ ಹೊಸ ಯಂತ್ರದ ಪ್ರದರ್ಶನಕ್ಕೆ ಆಹ್ವಾನ ಕಳಿಸಿದ. ಬೈಗುಳ ಬಂತು, ಜಾಲ ನೋಡಿಕೊಳ್ಳುತ್ತಿದ್ದವರಿಂದ ಎಚ್ಚರಿಕೆಯೂ ಬಂತು. ಆದರೆ ಯಂತ್ರಗಳು ಮಾರಾಟವಾದವು ಎಂದು ಅವನೇ ಮುಂದೆ ಹೇಳಿಕೊಂಡ. ಅದಕ್ಕೂ ಮುಂಚೆ ಜಾಹೀರಾತು ಮನೆಮನೆಗೆ ಹೋಗಬೇಕಾದರೆ ಕಾಗದ, ಅಚ್ಚು, ಅಂಚೆಚೀಟಿ ಎಲ್ಲದಕ್ಕೂ ಕಳಿಸುವವನೇ ದುಡ್ಡು ಹಾಕಬೇಕಿತ್ತು. ಹಾಗಾಗಿ ಯಾರಿಗೆ ಕಳಿಸಿದರೆ ಫಲ ಸಿಕ್ಕೀತು ಎಂದು ಅವನೇ ಯೋಚಿಸುತ್ತಿದ್ದ. ಖರ್ಚು ಹೋದ ಕೂಡಲೇ ಆ ಯೋಚನೆಯೂ ಹೋಯಿತು.

ತಡೆಯುವ ಪ್ರಯತ್ನಗಳು ಬಹಳ ನಡೆದಿವೆ. ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಜರಡಿ, ಅಂದರೆ ಸ್ಪ್ಯಾಮ್ ಫಿಲ್ಟರ್. 2002ರಲ್ಲಿ ಪಾಲ್ ಗ್ರಹಾಂ ಎಂಬ ಪ್ರೋಗ್ರಾಮರ್ ಬರೆದ ಲೇಖನವೊಂದು ಇದಕ್ಕೆ ಒಳ್ಳೆಯ ವೇಗ ಕೊಟ್ಟಿತು. ಹದಿನೆಂಟನೇ ಶತಮಾನದ ಇಂಗ್ಲೆಂಡಿನ ಪಾದ್ರಿ ಥಾಮಸ್ ಬೇಯ್ಸ್ ಕಂಡುಕೊಂಡ ಸಂಭವನೀಯತೆಯ ಸೂತ್ರವನ್ನೇ ಅವನು ಬಳಸಿದ್ದ. ಒಂದು ಕಡೆ ನಿಮಗೆ ಬಂದ ಒಳ್ಳೆಯ ಪತ್ರಗಳ ರಾಶಿ, ಇನ್ನೊಂದು ಕಡೆ ಕಸದ ರಾಶಿ. ಪ್ರತಿಯೊಂದು ಪದವೂ ಯಾವ ರಾಶಿಯಲ್ಲಿ ಎಷ್ಟು ಸಲ ಬಂದಿದೆ ಎಂದು ಯಂತ್ರ ಎಣಿಸುತ್ತದೆ. ಹೊಸ ಪತ್ರ ಬಂದಾಗ ಅದರ ಪದಗಳನ್ನು ನೋಡಿ, ಇದು ಯಾವ ರಾಶಿಗೆ ಸೇರುವ ಸಂಭವ ಹೆಚ್ಚು ಎಂದು ನಿರ್ಧರಿಸುತ್ತದೆ. ಯಾವ ಪದ ಕೆಟ್ಟದ್ದು ಎಂದು ಅದಕ್ಕೆ ಯಾರೂ ಹೇಳಿಕೊಡಬೇಕಿಲ್ಲ. ನೀವು ‘ಇದು ಸ್ಪ್ಯಾಮ್’ ಎಂದು ಗುಂಡಿ ಒತ್ತಿದಾಗಲೆಲ್ಲ ಅದು ಕಲಿಯುತ್ತದೆ. ಇಂದಿನ ಜರಡಿಗಳು ಇದಕ್ಕಿಂತ ಎಷ್ಟೋ ಮುಂದೆ ಹೋಗಿವೆ, ಕಳಿಸಿದ ಕಂಪ್ಯೂಟರಿನ ಪೂರ್ವಚರಿತ್ರೆಯನ್ನೂ ನೋಡುತ್ತವೆ. ಆದರೆ ಬಳಸುವವರು ಗುರುತು ಹಾಕಿದ್ದರಿಂದ ಕಲಿಯುವುದು ಎಂಬ ಮೂಲ ಹಾಗೇ ಇದೆ. ಕನ್ನಡದಲ್ಲಿ, ಅಥವಾ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡದಲ್ಲಿ ಬರುವ ಕಸವನ್ನು ಕನ್ನಡಿಗರೇ ಗುರುತು ಹಾಕಬೇಕು. ನಮ್ಮ ಪರವಾಗಿ ಆ ಪಾಠವನ್ನು ಬೇರೆ ಯಾರೂ ಹೇಳಿಕೊಡುವುದಿಲ್ಲ.

ಜರಡಿಗೆ ಒಂದು ಮಿತಿಯಿದೆ. ಕಣ್ಣು ಸಣ್ಣದು ಮಾಡಿದರೆ ಕಾಳೂ ಅದರಲ್ಲೇ ಸಿಕ್ಕಿಕೊಳ್ಳುತ್ತದೆ. ಕೆಲಸದ ಸಂದರ್ಶನದ ಪತ್ರ ಸ್ಪ್ಯಾಮ್ ಪೆಟ್ಟಿಗೆಯಲ್ಲಿ ಬಿದ್ದು, ದಿನ ಕಳೆದ ಮೇಲೆ ಕಣ್ಣಿಗೆ ಬಿದ್ದರೆ ಆಗುವ ನಷ್ಟದ ಮುಂದೆ ನೂರು ಕಸದ ಪತ್ರ ಅಳಿಸುವ ಕಷ್ಟ ಏನೂ ಅಲ್ಲ. ಅದಕ್ಕೇ ಇಮೇಲ್ ಕಂಪನಿಗಳು ಜರಡಿಯನ್ನು ಸ್ವಲ್ಪ ಸಡಿಲವಾಗಿಯೇ ಇಡುತ್ತವೆ, ಅದರೊಳಗಿಂದ ಒಂದಷ್ಟು ಕಸ ಬಂದೇ ಬರುತ್ತದೆ. ಅದೂ ಅಲ್ಲದೆ, ಕಳಿಸುವವನಿಗೆ ಜರಡಿಯಿಂದ ನಷ್ಟವೇನೂ ಇಲ್ಲ. ಹತ್ತರಲ್ಲಿ ಒಂಬತ್ತು ಸಿಕ್ಕಿಬಿದ್ದರೆ ಹತ್ತು ಪಟ್ಟು ಹೆಚ್ಚು ಕಳಿಸುತ್ತಾನೆ. ಜಾಲವನ್ನೇ ಕಡಿದರೂ ಕಥೆ ಅದೇ. 2008ರ ನವೆಂಬರಿನಲ್ಲಿ ಸ್ಪ್ಯಾಮ್ ಜಾಲಗಳಿಗೆ ಆಶ್ರಯ ಕೊಟ್ಟಿದ್ದ ಮೆಕೋಲೊ ಎಂಬ ಕ್ಯಾಲಿಫೋರ್ನಿಯಾದ ಕಂಪನಿಯ ಇಂಟರ್ನೆಟ್ ಸಂಪರ್ಕ ಕಿತ್ತಾಗ ಜಗತ್ತಿನ ಸ್ಪ್ಯಾಮ್ ಪ್ರಮಾಣ ರಾತ್ರೋರಾತ್ರಿ ಅರ್ಧಕ್ಕಿಂತ ಕೆಳಗೆ ಇಳಿಯಿತು. ಕೆಲವು ತಿಂಗಳಲ್ಲಿ ಮತ್ತೆ ಮೊದಲಿನಷ್ಟಕ್ಕೆ ಬಂತು. ಬೇರೆ ಕಡೆ ಬಾಡಿಗೆಗೆ ಜಾಗ ಸಿಕ್ಕಿತು, ಅಷ್ಟೆ.

ಕಳಿಸುವವನಿಗೆ ನಿಜವಾಗಿ ಪೆಟ್ಟು ಕೊಟ್ಟದ್ದು ಇನ್ನೊಂದು ದಾರಿ. 2011ರಲ್ಲಿ ಹೆಚ್ಚುಕಡಿಮೆ ಅದೇ ಸಂಶೋಧಕರ ಗುಂಪು ಸ್ಪ್ಯಾಮ್ ಮೂಲಕ ಮಾರುತ್ತಿದ್ದ ಔಷಧ, ನಕಲಿ ವಾಚು, ಕಳ್ಳ ಸಾಫ್ಟ್‌ವೇರ್‌ಗಳನ್ನು ತಾನೇ ಕೊಂಡುಕೊಂಡಿತು. ನೂರಕ್ಕೂ ಹೆಚ್ಚು ಖರೀದಿ ಮಾಡಿ, ಕಾರ್ಡಿನ ಹಣ ಯಾವ ಬ್ಯಾಂಕಿಗೆ ಹೋಗುತ್ತದೆ ಎಂದು ನೋಡಿತು. ಪತ್ರ ಕಳಿಸಿದ ಕಂಪ್ಯೂಟರುಗಳು ಲಕ್ಷಾಂತರ, ವೆಬ್ ವಿಳಾಸಗಳು ಕೋಟ್ಯಂತರ. ಆದರೆ ಜಾಹೀರಾತು ಮಾಡಿದ ಸರಕಿನಲ್ಲಿ ನೂರಕ್ಕೆ 95 ಪಾಲಿನ ಹಣ ಹೋಗುತ್ತಿದ್ದುದು ಮೂರೇ ಮೂರು ಬ್ಯಾಂಕುಗಳ ಮೂಲಕ. ಬ್ರ್ಯಾಂಡುಗಳ ಮಾಲೀಕರು ಕಾರ್ಡ್ ಕಂಪನಿಗಳಿಗೆ ದೂರು ಕೊಟ್ಟು ಆ ಖಾತೆಗಳನ್ನು ಮುಚ್ಚಿಸತೊಡಗಿದ ಮೇಲೆ ಸ್ಪ್ಯಾಮ್ ವ್ಯಾಪಾರಿಗಳು ಪರದಾಡಿದರು. ಹೊಸ ವಿಳಾಸ ಕೊಳ್ಳಲು ಕೆಲವು ನಿಮಿಷ ಸಾಕು, ಹೊಸ ಬ್ಯಾಂಕ್ ಖಾತೆಗೆ ದಿನ, ವಾರ ಬೇಕು. ಕಳಿಸುವವನ ಲೆಕ್ಕದ ಪುಸ್ತಕಕ್ಕೆ ಖರ್ಚು ಸೇರಿಸಿದಾಗ ಮಾತ್ರ ಅವನು ನಿಲ್ಲುತ್ತಾನೆ.

ಈಗ ನಮ್ಮ ಕೈಯಲ್ಲಿರುವ ಫೋನಿನ ವಿಷಯಕ್ಕೆ ಬರೋಣ. ‘ಸರ್, ಪ್ರೀ-ಅಪ್ರೂವ್ಡ್ ಲೋನ್ ಇದೆ’, ‘ಮೇಡಂ, ದೇವನಹಳ್ಳಿ ಹತ್ತಿರ ಸೈಟ್ ನೋಡ್ತೀರಾ’ ಎಂಬ ಕರೆ ಬರದ ಫೋನು ಕರ್ನಾಟಕದಲ್ಲಿ ಅಪರೂಪ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2007ರಲ್ಲೇ ‘ಕರೆ ಬೇಡ’ ಎನ್ನುವವರ ಪಟ್ಟಿ ಶುರು ಮಾಡಿತು. 2010ರ ನಿಯಮದಲ್ಲಿ ಟೆಲಿಮಾರ್ಕೆಟಿಂಗ್ ಮಾಡುವವರು ನೋಂದಾಯಿಸಿಕೊಂಡು 140ರಿಂದ ಶುರುವಾಗುವ ಸಂಖ್ಯೆಯಿಂದಲೇ ಕರೆ ಮಾಡಬೇಕು ಎಂದಿತು. 2018ರಲ್ಲಿ ಇನ್ನೂ ಗಟ್ಟಿಯಾದ ವ್ಯವಸ್ಥೆ ಬಂತು: ವ್ಯಾಪಾರಿ ಸಂಸ್ಥೆಗಳು ತಮ್ಮ ಹೆಸರು, ಕಳಿಸುವ ಸಂದೇಶದ ಒಕ್ಕಣೆ ಎರಡನ್ನೂ ಮೊದಲೇ ದಾಖಲು ಮಾಡಬೇಕು, ಹೊರಡುವ ಪ್ರತಿ ಎಸ್‌ಎಂಎಸ್ ಆ ದಾಖಲೆಗೆ ಹೊಂದಬೇಕು. 2021ರ ಮಾರ್ಚ್ 8ರಂದು ಈ ಹೋಲಿಕೆ ಜಾರಿಗೆ ಬಂದಾಗ ದೇಶದಾದ್ಯಂತ ಒಟಿಪಿಗಳೇ ನಿಂತುಹೋದವು. ಎಷ್ಟೋ ಬ್ಯಾಂಕುಗಳು, ಕಂಪನಿಗಳು ಒಕ್ಕಣೆ ದಾಖಲಿಸುವ ಕೆಲಸ ಮುಗಿಸಿರಲಿಲ್ಲ. ಟ್ರಾಯ್ ಮರುದಿನವೇ ಒಂದು ವಾರ ವಿನಾಯಿತಿ ಕೊಡಬೇಕಾಯಿತು. ಆ ದಿನ ಜನ ಟ್ರಾಯನ್ನು ಬೈದರು. ನನ್ನ ಮಟ್ಟಿಗೆ ಬೈಗುಳ ಸೇರಬೇಕಾದದ್ದು ಎರಡೂವರೆ ವರ್ಷಕ್ಕೂ ಹೆಚ್ಚು ಸಮಯವಿದ್ದೂ ಸಿದ್ಧರಾಗದ ಸಂಸ್ಥೆಗಳಿಗೆ.

ಆ ವ್ಯವಸ್ಥೆಯ ಫಲ ಈಗ ಎಸ್‌ಎಂಎಸ್‌ಗಳಲ್ಲಿ ಕಾಣುತ್ತದೆ, ಓದಲು ಕಲಿತಿರಬೇಕು. ನೋಂದಾಯಿತ ಸಂಸ್ಥೆಯ ಸಂದೇಶ ಹತ್ತು ಅಂಕಿಯ ಮೊಬೈಲ್ ಸಂಖ್ಯೆಯಿಂದ ಬರುವುದಿಲ್ಲ, ಅಕ್ಷರಗಳ ಹೆಸರಿನಿಂದ ಬರುತ್ತದೆ. ಮೊದಲ ಅಕ್ಷರ ಮೊಬೈಲ್ ಕಂಪನಿಯದು: ಎ ಏರ್‌ಟೆಲ್, ಜೆ ಜಿಯೊ, ಬಿ ಬಿಎಸ್‌ಎನ್‌ಎಲ್, ವಿ ವೊಡಾಫೋನ್. ಎರಡನೆಯದು ಸಂದೇಶ ಹೊರಟ ವಲಯ. ಕರ್ನಾಟಕದ ಗುರುತು ಎಕ್ಸ್. ಆಮೇಲೆ ಸಂಸ್ಥೆಯ ಹೆಸರು. 2025ರ ತಿದ್ದುಪಡಿಯ ನಂತರ ಕೊನೆಯಲ್ಲಿ ಅಡ್ಡಗೆರೆ ಹಾಕಿ ಇನ್ನೊಂದು ಅಕ್ಷರವೂ ಇರುತ್ತದೆ: ಜಾಹೀರಾತಾದರೆ ಪಿ, ಸೇವೆಗೆ ಸಂಬಂಧಿಸಿದ್ದಾದರೆ ಎಸ್, ಒಟಿಪಿಯಂಥ ವ್ಯವಹಾರದ್ದಾದರೆ ಟಿ, ಸರ್ಕಾರದ್ದಾದರೆ ಜಿ. ‘ಇವತ್ತು ರಾತ್ರಿ ನಿಮ್ಮ ಮನೆ ಕರೆಂಟ್ ಕಟ್ ಮಾಡುತ್ತೇವೆ, ಈ ನಂಬರಿಗೆ ಕರೆ ಮಾಡಿ’ ಎಂಬ ಮೋಸದ ಸಂದೇಶ ನಮ್ಮ ಊರುಗಳಲ್ಲಿ ಎಷ್ಟು ಜನರನ್ನು ಹೆದರಿಸಿತೆಂದರೆ, ವಿದ್ಯುತ್ ಕಂಪನಿ ಬೆಸ್ಕಾಂ ಎಚ್ಚರಿಕೆ ಕೊಡಬೇಕಾಯಿತು. ಅವು ಬಂದದ್ದು ಸಾಮಾನ್ಯ ಹತ್ತು ಅಂಕಿಯ ಮೊಬೈಲ್ ನಂಬರಿನಿಂದ. ಮನೆಯ ಹಿರಿಯರಿಗೆ ಈ ಒಂದು ವ್ಯತ್ಯಾಸ ತೋರಿಸಿಕೊಟ್ಟರೆ ದೊಡ್ಡ ಉಪಕಾರ. ಅಕ್ಷರದ ಹೆಸರಿದ್ದ ಮಾತ್ರಕ್ಕೆ ಪೂರ್ತಿ ನಂಬಬೇಕೆಂದೂ ಅಲ್ಲ. ಲಿಂಕ್ ಒತ್ತುವ ಬದಲು ಆ ಸಂಸ್ಥೆಯ ಆ್ಯಪನ್ನೇ ತೆರೆದು ನೋಡುವುದು ಕ್ಷೇಮ. ಮೊದಲೇ ದಾಖಲಾಗದ ಲಿಂಕು ಇರುವ ವಾಣಿಜ್ಯ ಸಂದೇಶಗಳನ್ನು 2024ರ ಅಕ್ಟೋಬರ್ 1ರಿಂದ ಮೊಬೈಲ್ ಕಂಪನಿಗಳೇ ತಡೆಯಬೇಕು.

ಎಸ್‌ಎಂಎಸ್ ದಾರಿ ಬಿಗಿಯಾದಷ್ಟೂ ಒತ್ತಡ ಕರೆಗಳ ಕಡೆಗೆ ತಿರುಗಿತು. ಇಲ್ಲೂ ಖರ್ಚಿನದೇ ಕಥೆ. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದ ಮೇಲೆ ಕರೆಗೆ ನಿಮಿಷದ ಲೆಕ್ಕವೇ ಹೋಯಿತು. ಒಂದು ರೀಚಾರ್ಜಿಗೆ ಎಷ್ಟು ಬೇಕಾದರೂ ಮಾತಾಡಬಹುದು. ನಮಗೆಲ್ಲ ಅದರಿಂದ ಒಳ್ಳೆಯದಾಯಿತು, ಊರಿನ ಅಮ್ಮನ ಜೊತೆ ಗಂಟೆಗಟ್ಟಲೆ ಮಾತಾಡಿದೆವು. ಅದೇ ಸಿಮ್ಮನ್ನು ಕೈಗೆ ಕೊಟ್ಟು ದಿನವಿಡೀ ಅಪರಿಚಿತರಿಗೆ ಕರೆ ಮಾಡಿಸುವುದೂ ಅಷ್ಟೇ ಅಗ್ಗವಾಯಿತು. ನೋಂದಣಿ ಮಾಡಿಸಿ 140ರ ಸಂಖ್ಯೆ ತೆಗೆದುಕೊಂಡರೆ ಜನ ಗುರುತು ಹಿಡಿದು ಕರೆ ಎತ್ತುವುದಿಲ್ಲ, ಹತ್ತು ಅಂಕಿಯ ನಂಬರಾದರೆ ಕೊರಿಯರ್‌ನವನೋ, ಮಗಳ ಶಾಲೆಯವರೋ ಎಂದು ಎತ್ತುತ್ತಾರೆ. ದೊಡ್ಡ ಕಚೇರಿಗಳಿಗೆ ಒಂದೇ ಸಲ ಹಲವಾರು ಕರೆ ಮಾಡಲು ಕೊಡುವ ಎಸ್‌ಐಪಿ, ಪಿಆರ್‌ಐ ಲೈನುಗಳೂ ಇದಕ್ಕೆ ಬಳಕೆಯಾದವು. 2024ರ ಮೊದಲ ಆರು ತಿಂಗಳಲ್ಲಿ ನೋಂದಣಿಯಿಲ್ಲದ ಇಂಥ ಕರೆಗಾರರ ಮೇಲೆ 7.9 ಲಕ್ಷಕ್ಕೂ ಹೆಚ್ಚು ದೂರುಗಳು ಬಂದವು. ಆ ವರ್ಷದ ಆಗಸ್ಟ್ 13ರಂದು ಟ್ರಾಯ್ ಕಠಿಣ ಆದೇಶ ಹೊರಡಿಸಿತು: ನಿಯಮ ಮುರಿದವರ ಎಲ್ಲ ಸಂಪರ್ಕ ಕಡಿತ, ಎರಡು ವರ್ಷದವರೆಗೆ ಕಪ್ಪುಪಟ್ಟಿ, ಆ ಅವಧಿಯಲ್ಲಿ ಬೇರೆ ಯಾವ ಕಂಪನಿಯಿಂದಲೂ ಹೊಸ ಸಂಪರ್ಕ ಇಲ್ಲ. ಸೆಪ್ಟೆಂಬರ್ ಮೊದಲ ವಾರದ ಹೊತ್ತಿಗೆ 50ಕ್ಕೂ ಹೆಚ್ಚು ಸಂಸ್ಥೆಗಳು ಕಪ್ಪುಪಟ್ಟಿ ಸೇರಿದ್ದವು, 2.75 ಲಕ್ಷಕ್ಕೂ ಹೆಚ್ಚು ಸಂಪರ್ಕಗಳು ಹೋಗಿದ್ದವು. ಕಚೇರಿಯ ಅಷ್ಟೂ ಲೈನುಗಳು ಒಂದೇ ದಿನ ಸತ್ತರೆ ಆಗುವ ನಷ್ಟವನ್ನು ಯಾವ ವ್ಯಾಪಾರಿಯೂ ಲೆಕ್ಕ ಹಾಕಬಲ್ಲ.

ಕರೆ ಮಾಡುವ ಹುಡುಗ ಹುಡುಗಿಯರ ಬಗ್ಗೆ ಒಂದು ಮಾತು. ಬಹಳ ಸಲ ಅವರು ಕಾಲೇಜು ಮುಗಿಸಿ, ಊರು ಬಿಟ್ಟು ಬೆಂಗಳೂರಿಗೆ ಬಂದು, ದಿನಕ್ಕೆ ಇಷ್ಟು ಕರೆ ಎಂಬ ಟಾರ್ಗೆಟ್ ಹೊತ್ತು ಕೂತ ಮಕ್ಕಳು. ನಂಬರಿನ ಪಟ್ಟಿ ಅವರದಲ್ಲ, ಒಕ್ಕಣೆ ಅವರದಲ್ಲ, ಬೈಗುಳ ಮಾತ್ರ ಅವರದು. ಅವರನ್ನು ಬೈದರೆ ಅವರ ಮಾಲೀಕನಿಗೆ ನಯಾಪೈಸೆ ಖರ್ಚಾಗುವುದಿಲ್ಲ. ‘ಯಾವ ಕಂಪನಿ ಪರವಾಗಿ ಮಾಡ್ತಿದ್ದೀಯಪ್ಪ?’ ಎಂದು ಸಮಾಧಾನದಿಂದ ಕೇಳಿ ಬರೆದುಕೊಂಡರೆ ಅದು ದೂರಿಗೆ ಬೇಕಾದ ವಿವರವಾಗುತ್ತದೆ.

ಕರೆಗಾರರ ಆ ಪಟ್ಟಿಗೆ ನಮ್ಮ ನಂಬರು ಹೋಗುವುದು ಬಹುಪಾಲು ನಮ್ಮ ಕೈಯಿಂದಲೇ. ಮಾಲ್‌ನ ಲಕ್ಕಿ ಡ್ರಾ ಚೀಟಿ, ಪ್ರಾಪರ್ಟಿ ಮೇಳದ ನೋಂದಣಿ ಪುಸ್ತಕ, ಬಟ್ಟೆ ಅಂಗಡಿಯ ಬಿಲ್ಲಿಂಗ್ ಕೌಂಟರ್. ನಂಬರ್ ಕೊಡದಿದ್ದರೆ ಬಿಲ್ ಮಾಡುವುದಿಲ್ಲ ಎಂದು ಗ್ರಾಹಕರನ್ನು ಒತ್ತಾಯಿಸಬಾರದು ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲಿ ಅಂಗಡಿಗಳಿಗೆ ಸೂಚನೆ ಕೊಟ್ಟಿದೆ. ‘ನಂಬರ್ ಕೊಡಲ್ಲ, ಹಾಗೇ ಬಿಲ್ ಮಾಡಿ’ ಎಂದು ಹೇಳಲು ಸಂಕೋಚ ಬೇಡ. ಆ್ಯಪ್ ಹಾಕಿಕೊಳ್ಳುವಾಗ ಓದದೆ ಒತ್ತಿದ ಒಂದು ಟಿಕ್ಕನ್ನೂ ಕಂಪನಿ ನೀವು ಕೊಟ್ಟ ಒಪ್ಪಿಗೆಯೆಂದು ಎಣಿಸಬಹುದು. ನೀವು ಒಪ್ಪಿಗೆ ಕೊಟ್ಟ ಕಂಪನಿಯನ್ನು ಡಿಎನ್‌ಡಿ, ಅಂದರೆ ‘ಕರೆ ಬೇಡ’ ಎಂಬ ನೋಂದಣಿ, ತಡೆಯುವುದಿಲ್ಲ. ಜನ ‘ಡಿಎನ್‌ಡಿ ಹಾಕಿದರೂ ಬರ್ತಾವೆ’ ಎಂದು ದೂರುವುದಕ್ಕೆ ಇದು ಒಂದು ಕಾರಣ.

ಡಿಎನ್‌ಡಿ ಹಾಕಿಸಿಲ್ಲವಾದರೆ ಹಾಕಿಸಿ. ಇಂಗ್ಲಿಷಿನಲ್ಲಿ ಸ್ಟಾರ್ಟ್ ಎಂದು ಬರೆದು, ಜಾಗ ಬಿಟ್ಟು ಸೊನ್ನೆ ಹಾಕಿ 1909ಕ್ಕೆ ಎಸ್‌ಎಂಎಸ್ ಮಾಡಿದರೆ ಎಲ್ಲ ಬಗೆಯ ಜಾಹೀರಾತೂ ಬಂದ್. ಇದರಿಂದ ಒಟಿಪಿ, ಬ್ಯಾಂಕಿನ ಜಮಾ-ಖರ್ಚಿನ ಸಂದೇಶ ನಿಂತೀತು ಎಂದು ಹೆದರುವವರಿದ್ದಾರೆ, ಅವು ನಿಲ್ಲುವುದಿಲ್ಲ. ಬ್ಯಾಂಕುಗಳು ವ್ಯವಹಾರದ ವಿಷಯಕ್ಕೆ 1600ರಿಂದ ಶುರುವಾಗುವ ಸಂಖ್ಯೆಗಳಿಂದ ಮಾತ್ರ ಕರೆ ಮಾಡಬೇಕೆಂದು ರಿಸರ್ವ್ ಬ್ಯಾಂಕ್ 2025ರ ಜನವರಿಯಲ್ಲಿ ಹೇಳಿದೆ. ಬ್ಯಾಂಕಿನವರೆಂದು ಹೇಳಿಕೊಂಡು ಹತ್ತು ಅಂಕಿಯ ಮೊಬೈಲಿನಿಂದ ಖಾತೆಯ ವಿಚಾರ ತೆಗೆದರೆ ಅಲ್ಲಿಗೇ ಇಟ್ಟುಬಿಡಿ. ವಾಟ್ಸ್ಆ್ಯಪ್‌ಗೆ ಟ್ರಾಯ್‌ನ ನಿಯಮಗಳು ಅನ್ವಯಿಸುವುದಿಲ್ಲ, ಅಲ್ಲಿ ಬ್ಲಾಕ್ ಮತ್ತು ರಿಪೋರ್ಟ್ ಅಷ್ಟೇ ಕೈಯಲ್ಲಿರುವುದು. ಇದು ನಿಯಮದ ದೊಡ್ಡ ತೂತು, ಬೇಗ ಮುಚ್ಚಬೇಕು.

ಬ್ಲಾಕ್ ಮಾಡಿ ಸುಮ್ಮನಾಗುವುದು ನಮ್ಮ ಅಭ್ಯಾಸ. ಅದರಿಂದ ಕರೆ ಮಾಡಿದವನಿಗೆ ಹೋದದ್ದು ಒಂದು ನಂಬರು ಮಾತ್ರ, ಪಟ್ಟಿಯಲ್ಲಿ ಮುಂದಿನವರಿಗೆ ಅವನು ಕರೆ ಮಾಡುತ್ತಾನೆ. ದೂರು ಕೊಟ್ಟರೆ ಅವನ ಸಿಮ್ಮಿಗೇ ಕುತ್ತು. 2025ರ ಫೆಬ್ರುವರಿಯ ತಿದ್ದುಪಡಿ ಈ ವಿಷಯದಲ್ಲಿ ನಮ್ಮ ಪರವಾಗಿದೆ. ಡಿಎನ್‌ಡಿ ಹಾಕಿಸದವರೂ ನೋಂದಣಿಯಿಲ್ಲದ ಕರೆಗಾರನ ಮೇಲೆ ದೂರು ಕೊಡಬಹುದು. ಮೊದಲು ಮೂರು ದಿನದೊಳಗೆ ಕೊಡಬೇಕಿತ್ತು, ಈಗ ಏಳು ದಿನ ಸಮಯವಿದೆ. ಮೊಬೈಲ್ ಕಂಪನಿ ಮೂವತ್ತು ದಿನದ ಬದಲು ಐದು ದಿನದಲ್ಲಿ ಕ್ರಮ ಕೈಗೊಳ್ಳಬೇಕು. ಎಲ್ಲಕ್ಕಿಂತ ಮುಖ್ಯವಾದ ಬದಲಾವಣೆ: ಮೊದಲು ಏಳು ದಿನದಲ್ಲಿ ಹತ್ತು ದೂರು ಬಂದರೆ ಮಾತ್ರ ಒಬ್ಬನ ಮೇಲೆ ಕ್ರಮ ಶುರುವಾಗುತ್ತಿತ್ತು, ಈಗ ಹತ್ತು ದಿನದಲ್ಲಿ ಐದು ಸಾಕು. ಮೊದಲ ತಪ್ಪಿಗೆ ಹದಿನೈದು ದಿನ ಹೊರಹೋಗುವ ಕರೆಗಳೆಲ್ಲ ಬಂದ್, ಮತ್ತೆ ಮಾಡಿದರೆ ಎಲ್ಲ ಕಂಪನಿಗಳ ಸಂಪರ್ಕವೂ ಒಂದು ವರ್ಷ ಹೋಗುತ್ತದೆ. ದೂರುಗಳ ಲೆಕ್ಕವನ್ನು ತಪ್ಪಾಗಿ ಕೊಟ್ಟ ಮೊಬೈಲ್ ಕಂಪನಿಗೆ ಮೊದಲ ಸಲ 2 ಲಕ್ಷ, ಆಮೇಲೆ 5 ಲಕ್ಷ, 10 ಲಕ್ಷ ರೂಪಾಯಿ ದಂಡ.

ಐದು ಜನ. ಒಂದು ಅಪಾರ್ಟ್‌ಮೆಂಟಿನ ಒಂದು ಮಹಡಿ, ಒಂದು ಕಚೇರಿಯ ಊಟದ ಮೇಜು, ಒಂದು ಮದುವೆ ಮನೆಯ ಪಡಸಾಲೆ ಸಾಕು. ಕರೆ ಬಂದ ನಂಬರು, ದಿನಾಂಕ, ಏನು ಮಾರುತ್ತಿದ್ದರು ಎಂಬ ಒಂದು ಸಾಲು, ಇಷ್ಟನ್ನು 1909ಕ್ಕೆ ಕರೆ ಮಾಡಿಯೋ ಎಸ್‌ಎಂಎಸ್ ಮೂಲಕವೋ ತಿಳಿಸಿ. ಟ್ರಾಯ್‌ನ ಡಿಎನ್‌ಡಿ ಆ್ಯಪ್‌ನಲ್ಲಿ, ನಿಮ್ಮ ಮೊಬೈಲ್ ಕಂಪನಿಯ ಆ್ಯಪ್‌ನಲ್ಲಿ ಕೂಡ ಕೊಡಬಹುದು. ಮೋಸದ ವಾಸನೆ ಬಂದರೆ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದ ‘ಚಕ್ಷು’ ವಿಭಾಗಕ್ಕೆ, ಹಣ ಹೋಗಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ತಿಳಿಸಿ. ಇಂಗ್ಲಿಷ್, ಆ್ಯಪ್ ಎರಡೂ ತೊಡಕೆನಿಸುವ ಅಜ್ಜ ಅಜ್ಜಿಯರ ಪರವಾಗಿ ಮನೆಯ ಮಕ್ಕಳು ಅವರ ಫೋನಿನಿಂದಲೇ ದೂರು ಹಾಕಿಕೊಡಲಿ. ನಾಳೆ ಲೋನ್ ಬೇಕಾ ಎಂದು ಕರೆ ಬಂದರೆ ಬ್ಲಾಕ್ ಒತ್ತುವ ಮೊದಲು ಈ ಒಂದು ಕೆಲಸ ಮಾಡಿ.